ಎರಡು ಪಾಳಿಯ ಮಂಚ

ಲೆಕ್ಕದ ಮೇಷ್ಟ್ರ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಮೂವತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಭಾಗಾಕಾರ ಕಲಿಸಿ ಕಲಿಸಿ, ಲೋಕದಲ್ಲಿ ಶೇಷ ಉಳಿಯುವುದೆಲ್ಲ ಒಂದು ಬಗೆಯ ಅಶಿಸ್ತು ಎಂದು ಅವರಿಗೆ ಅನ್ನಿಸತೊಡಗಿತ್ತು. ಬಸ್ಸು ಹತ್ತಿದರೆ ಸೀಟು ಎಣಿಸುವರು, ಮದುವೆಗೆ ಹೋದರೆ ಕುರ್ಚಿ ಎಣಿಸುವರು. ಹೆಂಡತಿ ಮೆಟ್ಟಿಲು ಹತ್ತುತ್ತ ಏದುಸಿರು ಬಿಟ್ಟರೆ, "ಇನ್ನು ಒಂಬತ್ತೇ ಇರೋದು" ಎನ್ನುವರು. ಇದರಿಂದ ಆಕೆಗೆ ಮೂರು ಕಾಸಿನ ಸಮಾಧಾನವೂ ಆಗುತ್ತಿರಲಿಲ್ಲ.

ಇಂಥವರನ್ನು ಜನಗಣತಿಗೆ ನೇಮಿಸಿದರೆ ಕೇಳಬೇಕೆ. ಉಳಿದ ಮೇಷ್ಟ್ರುಗಳು ತಲೆನೋವು, ಸೊಂಟನೋವು ಎಂದು ಚೀಟಿ ಹಿಡಿದು ಓಡಾಡುತ್ತಿದ್ದಾಗ ಇವರು ಹೊಸ ಬೂಟು ಕೊಂಡು ತಂದರು. ತರಗತಿಯಲ್ಲಿ ಭೂಪಟದ ಮೇಲೆ ಕೋಲು ಇಟ್ಟು ಮಕ್ಕಳಿಗೆ ಪಾಠವನ್ನೂ ಮಾಡಿದರು.

"ಟೋಕಿಯೊ ನೋಡಿ, ಒಂದು ಕಾಲಕ್ಕೆ ಮೀನು ಹಿಡಿಯೋರ ಹಳ್ಳಿ. ಢಾಕಾ ನೋಡಿ, ಕೈರೋ ನೋಡಿ. ಯಾವುದು ಎಲ್ಲಕ್ಕಿಂತ ದೊಡ್ಡದು ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಊರು ಎಲ್ಲಿಗೆ ಮುಗೀತು ಅಂತ ಗೆರೆ ಎಳೆಯೋದರಲ್ಲೇ ಜಗಳ. ಆದರೆ ಬೆಳೆಯೋ ರೀತಿ ಮಾತ್ರ ಎಲ್ಲಾ ಕಡೆ ಒಂದೇ. ಯಾರೋ ಒಬ್ಬ ಕೈಯಲ್ಲಿ ಚೀಲ ಹಿಡ್ಕೊಂಡು ಬರ್ತಾನೆ. ಅವನಿಗೊಂದು ಕೆಲಸ ಸಿಗುತ್ತೆ. ಆಮೇಲೆ ಅವನ ತಮ್ಮ ಬರ್ತಾನೆ, ಭಾವ ಬರ್ತಾನೆ."

ಹಾಗೆ ಚೀಲ ಹಿಡಿದು ಬಂದವರಲ್ಲಿ ತಮ್ಮ ಅಪ್ಪನೂ ಒಬ್ಬರು ಎಂಬುದನ್ನು ಮಾತ್ರ ಅವರು ಯಾವ ತರಗತಿಯಲ್ಲೂ ಹೇಳಿದವರಲ್ಲ.

ಅಪ್ಪ ಬಟ್ಟೆ ಮಿಲ್ಲಿನಲ್ಲಿ ರಾತ್ರಿ ಪಾಳಿಯ ಕೂಲಿ. ಆಗ ಮಿಲ್ಲಿನ ಚಿಮಣಿಗೆ ಊರು ಮುಗಿಯುತ್ತಿತ್ತು. ಚಿಮಣಿಯ ಹಿಂದೆ ಕೂಲಿಗಳಿಗೆಂದು ಒಂದು ಉದ್ದನೆಯ ಹಾಲು, ಹಾಲಿನ ತುಂಬ ಕಬ್ಬಿಣದ ಮಂಚಗಳು. ಒಂದು ಮಂಚಕ್ಕೆ ಇಬ್ಬರು ಬಾಡಿಗೆದಾರರು: ಹಗಲು ದುಡಿಯುವವನಿಗೆ ರಾತ್ರಿ, ರಾತ್ರಿ ದುಡಿಯುವವನಿಗೆ ಹಗಲು. ತಾಯಿ ತೀರಿಕೊಂಡ ಮೇಲೆ ಅಪ್ಪ ಮಗನನ್ನು ಕರೆತಂದು ತಮ್ಮ ಮಂಚದ ರಾತ್ರಿಯ ಪಾಲನ್ನೂ ತಾವೇ ಬಾಡಿಗೆಗೆ ಹಿಡಿದರು. ಅಪ್ಪ ಕೆಲಸದಿಂದ ಬರುವ ಹೊತ್ತಿಗೆ ಮಗ ಎದ್ದು ಶಾಲೆಗೆ ಹೊರಡುತ್ತಿದ್ದ. ಸಂಜೆ ಅಪ್ಪ ಬಿಟ್ಟು ಹೋದ ಬೆಚ್ಚಗಿನ ಹಾಸಿಗೆಯಲ್ಲಿ ಮಗ ಪುಸ್ತಕ ತೆರೆಯುತ್ತಿದ್ದ. ಹನ್ನೊಂದು ವರ್ಷ ಅಪ್ಪ ಮಗ ಒಂದೇ ಮಂಚದಲ್ಲಿ ಮಲಗಿದರು, ಒಂದು ದಿನವೂ ಜೊತೆಯಲ್ಲಿ ಮಲಗಲಿಲ್ಲ.

ಮೇಷ್ಟ್ರಾಗಿ, ಮದುವೆಯಾಗಿ, ಎರಡು ಕೋಣೆಯ ಮನೆ ಮಾಡಿದ ಮೇಲೆ ಮಂಚಗಳ ಈ ಹಾಲು ಅವರ ಬಾಯಲ್ಲಿ ಮೊದಲು ಮಿಲ್ಲಿನ ಕ್ವಾರ್ಟರ್ಸ್ ಆಯಿತು. ಮಗಳಿಗೆ ಗಂಡು ನೋಡುವ ಹೊತ್ತಿಗೆ ಅಪ್ಪ ಮಿಲ್ಲಿನ ಮ್ಯಾನೇಜರೇ ಆಗಿಬಿಟ್ಟಿದ್ದರು. ಬೀಗರು ಸರ್ಕಾರದ ದೊಡ್ಡ ಆಫೀಸಿನ ಹೆಡ್ ಕ್ಲಾರ್ಕು. "ಮ್ಯಾನೇಜರ್ ಮನೆತನ ಅಂದ್ರೆ ಮಾತಾಡೋ ಹಾಗೇ ಇಲ್ಲ" ಎಂದು ಒಪ್ಪಿಕೊಂಡಿದ್ದರು. ತೀರಿಹೋದ ಅಪ್ಪ ಬಡ್ತಿ ಬೇಡ ಎನ್ನುವಂತಿರಲಿಲ್ಲ.

ಗಣತಿಯಲ್ಲಿ ಮೇಷ್ಟ್ರ ಪಾಲಿಗೆ ಬಂದ ಬೀದಿಗಳ ಕೊನೆಗೆ ಒಂದು ಹಳೆಯ ಗೋದಾಮಿತ್ತು. ಅವರು ಅಲ್ಲಿಗೆ ಹೋದದ್ದು ಸಂಜೆ ಏಳಕ್ಕೆ. ಮೇಲಿನ ಮಹಡಿಯ ಬಾಗಿಲು ದಾಟಿದ್ದೇ ತಡ, ಒದ್ದೆ ಟವೆಲ್ಲು, ಬೆವರು, ಸೀಮೆಎಣ್ಣೆ ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿಯಿತು. ನಲವತ್ತು ವರ್ಷದ ಹಿಂದಿನದೇ ವಾಸನೆ. ಸಾಲಾಗಿ ನಲವತ್ತು ಮಂಚ. ಪ್ರತಿ ಮಂಚದ ತಲೆಯ ಹತ್ತಿರ ಗೋಡೆಗೆ ಎರಡು ಮೊಳೆ, ಎರಡು ಮೊಳೆಗೆ ಎರಡು ಚೀಲ. ಅದರ ಅರ್ಥವೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರಾತ್ರಿ ಪಾಳಿಯವರನ್ನು ಬೆಳಿಗ್ಗೆ ಮತ್ತೆ ಹೋಗಿ ಎಣಿಸಬೇಕು ಎಂಬುದು ನಿಯಮ. ತರಬೇತಿಯಲ್ಲಿ ಇಬ್ಬರು ಕಿರಿಯ ಮೇಷ್ಟ್ರುಗಳಿಗೆ ಈ ನಿಯಮವನ್ನು ಬಿಡಿಸಿ ಹೇಳಿದವರು ಇವರೇ. ಆದರೆ ಎಲ್ಲರಿಗಿಂತ ಮೊದಲು ಮುಗಿಸಿದವರಿಗೆ ಪ್ರಶಸ್ತಿಪತ್ರ ಎಂದು ಮೇಲಿನವರು ಹೇಳಿದ್ದರು. ಇವರದು ಅದೊಂದೇ ಕಟ್ಟಡ ಬಾಕಿ. ಅದಕ್ಕಿಂತ ಹೆಚ್ಚಾಗಿ, ಆ ಹಾಲಿನಿಂದ ಒಮ್ಮೆ ಹೊರಬಿದ್ದರೆ ಸಾಕಾಗಿತ್ತು. ಎದುರಿಗಿದ್ದ ನಲವತ್ತು ಜನರ ಹೆಸರು ಬರೆದುಕೊಂಡು, ಮೊಳೆಗಳ ಕಡೆ ತಿರುಗಿ ನೋಡದೆ ಮೆಟ್ಟಿಲಿಳಿದರು. ಮಾರನೆಯ ಬೆಳಿಗ್ಗೆ ಕಾಗದಗಳನ್ನು ಒಪ್ಪಿಸಿ ಕೈತೊಳೆದುಕೊಂಡರು.

ವರ್ಷ ಕಳೆಯಿತು. ಲೆಕ್ಕ ಹೊರಬಿತ್ತು. ಜಗತ್ತಿನ ಭಾರೀ ನಗರಗಳ ಪಟ್ಟಿಯಲ್ಲಿ ಊರಿಗೂ ಒಂದು ಜಾಗ ಸಿಕ್ಕಿತು. ಜನ ಅದನ್ನೇನೋ ಓಟದ ಪಂದ್ಯದಲ್ಲಿ ಗೆದ್ದವರ ಹಾಗೆ ಒಬ್ಬರಿಗೊಬ್ಬರು ಹೇಳಿಕೊಂಡು ತಿರುಗಿದರು. ಮೇಷ್ಟ್ರ ಪ್ರಶಸ್ತಿಪತ್ರಕ್ಕೆ ಗಾಜು ಹಾಕಿಸಿ ಹೆಂಡತಿ ಗೋಡೆಗೆ ತೂಗುಹಾಕಿದಳು. ಬಂದವರಿಗೆಲ್ಲ ಮೇಷ್ಟ್ರು, "ಅಷ್ಟು ಕೋಟಿಯಲ್ಲಿ ನಾಲ್ಕು ಸಾವಿರದ ಇನ್ನೂರ ಹದಿನೇಳು ಜನ ನನ್ನವರು" ಎನ್ನುತ್ತಿದ್ದರು.

ಅಷ್ಟು ದೊಡ್ಡ ಊರಾದ ಮೇಲೆ ಹೊಸ ರೈಲುಮಾರ್ಗ ಬೇಡವೇ. ದಾರಿಗೆ ಅಡ್ಡ ಬಂದ ಕಟ್ಟಡಗಳಲ್ಲಿ ಗೋದಾಮೂ ಒಂದು. ಅಲ್ಲಿದ್ದವರಿಗೆ ಊರಿನ ಹೊರಗೆ ಕಟ್ಟಿದ ವಸತಿಗೃಹದಲ್ಲಿ ತಲೆಗೊಂದು ಮಂಚ ಕೊಡುವುದೆಂದು ತೀರ್ಮಾನವಾಯಿತು. ಯಾರ್ಯಾರಿಗೆ ಎಂದು ನೋಡಲು ಅಧಿಕಾರಿಗಳು ಕೈಗೆತ್ತಿಕೊಂಡದ್ದು ಮೇಷ್ಟ್ರ ಪಟ್ಟಿಯನ್ನು. ಅದರಲ್ಲಿ ನಲವತ್ತು ಹೆಸರಿತ್ತು.

ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರ ಮನೆಯ ಬಾಗಿಲಿಗೆ ಒಬ್ಬ ಬಂದು ನಿಂತ. ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ಡು ಸುಡುವವನು. ಮುಂಗೈಯ ಕೂದಲೆಲ್ಲ ಸುಟ್ಟು ಹೋಗಿತ್ತು. ಹೆಂಡತಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನೀವು ಬಂದಾಗ ನಾನು ಕೆಲಸಕ್ಕೆ ಹೋಗಿದ್ದೆ ಸರ್. ನನ್ನ ಹಾಗೇ ಇನ್ನೂ ಮೂವತ್ತೊಂಬತ್ತು ಜನ ಇದೀವಿ. ಹಗಲು ಮಲಗೋರು. ಪಟ್ಟಿಯಲ್ಲಿ ಇಲ್ಲ ಅಂದ್ರೆ ನಾವು ಅಲ್ಲಿ ಇರಲೇ ಇಲ್ಲ ಅಂತಾರೆ. ಒಂಬತ್ತು ವರ್ಷದಿಂದ ಇದೀನಿ ಸರ್ ನಾನು."

"ಮಂಚದ ಜೊತೆಗಾರ ಯಾರು?"

"ಗಾರೆ ಕೆಲಸದವನು. ಒಳ್ಳೆ ಮನುಷ್ಯ."

"ಹೊದಿಕೆ ಬೇರೆ ಬೇರೇನಾ? ಅಥವಾ ಬರೀ ದಿಂಬು ಬದಲಾಯಿಸ್ತೀರಾ?"

ಬಾಯಿ ತಪ್ಪಿ ಬಂದ ಮಾತು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಬೇಕರಿಯವನ ಮುಖ ಅರಳಿತು.

"ದಿಂಬು ಮಾತ್ರ ಸರ್. ನಿಮಗೆ ಎಲ್ಲಾ ಗೊತ್ತಲ್ಲ, ಸದ್ಯ. ಬುಧವಾರ ವಿಚಾರಣೆ ಇಟ್ಟಿದಾರೆ. ಹೀಗೂ ಇರ್ತಾರೆ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು. ನಾವು ಹೇಳಿದ್ರೆ ಕಥೆ ಅಂತಾರೆ, ಮೇಷ್ಟ್ರು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಿ" ಎಂದರು ಮೇಷ್ಟ್ರು. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಪ್ರಶಸ್ತಿಪತ್ರ ಹೋದರೆ ಹೋಯಿತು, ಬೆಳಿಗ್ಗೆ ಮತ್ತೆ ಹೋಗದೆ ಇದ್ದದ್ದು ನನ್ನ ತಪ್ಪು ಎಂದು ಒಪ್ಪಿಕೊಂಡುಬಿಡಬೇಕೆಂದು ಮೂರು ದಿನ ಮನಸ್ಸು ಗಟ್ಟಿ ಮಾಡಿಕೊಂಡರು.

ಬುಧವಾರ ವಿಚಾರಣೆಯ ಕೋಣೆಗೆ ಕಾಲಿಟ್ಟು ನೋಡಿದರೆ, ಅಧಿಕಾರಿಯ ಪಕ್ಕದಲ್ಲಿ ಬರೆದುಕೊಳ್ಳಲು ಕೂತವರು ಸಾಕ್ಷಾತ್ ಬೀಗರು. ಕನ್ನಡಕದ ಮೇಲಿಂದ ನೋಡಿ ನಕ್ಕರು. ಪಕ್ಕದವರಿಗೆ, "ನಮ್ಮ ಬೀಗರು, ಲೆಕ್ಕದಲ್ಲಿ ಎತ್ತಿದ ಕೈ" ಎಂದೂ ಹೇಳಿದರು. ಬಾಗಿಲ ಬಳಿ ಬೇಕರಿಯವನೂ ಇನ್ನು ಹತ್ತು ಹನ್ನೆರಡು ಜನರೂ ನಿದ್ದೆಗೆಟ್ಟ ಕಣ್ಣಲ್ಲಿ ನಿಂತಿದ್ದರು.

ಅಧಿಕಾರಿ ಕೆಟ್ಟವರೇನಲ್ಲ. ನೇರವಾಗಿಯೇ ಕೇಳಿದರು. "ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ನಲವತ್ತು ಜನ. ಇವರು ಎಂಬತ್ತು ಅಂತಾರೆ. ಒಂದೇ ಮಂಚದಲ್ಲಿ ಇಬ್ಬರು ಪಾಳಿ ಮೇಲೆ ಮಲಗ್ತಾರಂತೆ. ಹಾಗೆ ಬದುಕೋಕಾಗುತ್ತಾ? ನೀವು ಎಲ್ಲಾದರೂ ನೋಡಿದೀರಾ?"

ನೋಡಿದ್ದೇನೆ ಎಂದರೆ, ಎಲ್ಲಿ ಎಂದು ಕೇಳುತ್ತಾರೆ. ಗೋದಾಮಿನಲ್ಲಿ ನೋಡಿದ್ದರೆ ಯಾಕೆ ಬರೆಯಲಿಲ್ಲ ಎನ್ನುತ್ತಾರೆ. ಬೇರೆಡೆ ನೋಡಿದ್ದರೆ ಅದು ಎಲ್ಲಿ, ಯಾವಾಗ ಎನ್ನುತ್ತಾರೆ. ಬೀಗರು ಪೆನ್ನಿನ ಮೊನೆಯನ್ನು ಕಾಗದದ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಅಪ್ಪನ ಮಂಚ ಆ ಪೆನ್ನಿನಿಂದ ಇಳಿದು ಕಾಗದಕ್ಕೆ ಬರುವುದು ಮೇಷ್ಟ್ರ ಕಣ್ಣಿಗೆ ಕಟ್ಟಿತು.

"ಇಲ್ಲ ಸರ್, ನೋಡಿಲ್ಲ" ಎಂದರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸುಳ್ಳಿಗೆ ಒಮ್ಮೆ ಬಾಯಿ ತೆರೆದವರಿಗೆ ಮುಚ್ಚುವುದು ಕಷ್ಟ. "ಮನುಷ್ಯರಾದೋರು ಹಾಗೆ ಇರ್ತಾರಾ ಸರ್. ಮಂಚಕ್ಕೆ ಒಬ್ಬರು. ನಾನೇ ಖುದ್ದಾಗಿ ಎಣಿಸಿದೀನಿ."

ಬೀಗರು ಬರೆದುಕೊಂಡರು. ಬೇಕರಿಯವನು ಕೂಗಾಡಲಿಲ್ಲ. ಮಾತು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಮೇಷ್ಟ್ರನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಕೆಲಸಕ್ಕೆ ಹೋಗುವ ಮುಂಚೆ ಅವನು ಒಂದಿಷ್ಟು ನಿದ್ದೆ ಮಾಡಬೇಕಿತ್ತು.

ಅಂದಿನಿಂದ ಮೇಷ್ಟ್ರು ಬ್ರೆಡ್ಡು ಕಂಡರೆ ಎದ್ದು ಹೋಗುವರು. ತರಗತಿಯಲ್ಲಿ ಒಂದು ದಿನ ಮತ್ತೆ ನಗರಗಳ ಮಾತು ಬಂತು. ಚೀಲ ಹಿಡಿದು ಬರುವವನ ಮಾತಿನವರೆಗೆ ಬಂದು ನಿಲ್ಲಿಸಿ, ಮಕ್ಕಳಿಗೆ ಗುಣಾಕಾರ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಗೋದಾಮು ಬಿದ್ದ ದಿನ ಶಾಲೆಯಲ್ಲೇ ಸದ್ದು ಕೇಳಿಸಿತು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಬಟ್ಟೆ ಮಡಚುತ್ತ ಕೂತಿದ್ದ ಹೆಂಡತಿಯ ಎದುರು ಕೂತು ಎಲ್ಲ ಹೇಳಿಬಿಟ್ಟರು. ಅಪ್ಪ ಮ್ಯಾನೇಜರಲ್ಲ, ಕೂಲಿ. ಕ್ವಾರ್ಟರ್ಸಲ್ಲ, ಅರ್ಧ ಮಂಚ.

ಆಕೆ ಮಡಚುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಎಂದಳು.

"ಏನು ಗೊತ್ತು?"

"ಮಂಚದ್ದು. ಮದುವೆಯಾದ ಹೊಸತರಲ್ಲೇ ಮಾವ ಹೇಳಿದ್ರು. ಮಗ ಓದಿದ್ದು ಆ ಮಂಚದ ಮೇಲೆ ಅಂತ ಎಷ್ಟು ಹೆಮ್ಮೆಯಿಂದ ಹೇಳ್ತಿದ್ರು. ನೀವು ಮುಚ್ಚಿಡ್ತಾ ಇರೋದು ನೋಡಿ ನಾನೂ ಸುಮ್ಮನಾದೆ. ನಿಮ್ಮ ಬೀಗರ ಹೆಂಡತಿಗೂ ಗೊತ್ತು, ನಾನೇ ಹೇಳಿದ್ದೆ. ಅವರೇನೂ ಅಂದ್ಕೊಳ್ಳಲಿಲ್ಲ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು ಮೇಷ್ಟ್ರಿಗೆ. ಮೂವತ್ತು ವರ್ಷ ಜೋಪಾನ ಮಾಡಿದ ಗುಟ್ಟು ಗುಟ್ಟೇ ಆಗಿರಲಿಲ್ಲ. ಯಾರೂ ಕೇಳದ ಮಾನ ಉಳಿಸಿಕೊಳ್ಳಲು ನಲವತ್ತು ಜನರನ್ನು ಬೀದಿಗೆ ತಳ್ಳಿದ್ದರು. ಅಪ್ಪ ಹೆಮ್ಮೆಪಟ್ಟ ಮಂಚಕ್ಕೆ ಮಗ ನಾಚಿಕೊಂಡಿದ್ದ. ಅಂದೇ ಕೂತು ಅಧಿಕಾರಿಗೆ ಹೇಳಿಕೆ ಬರೆದರು: ನಾನು ಅಂದು ಹೇಳಿದ್ದು ಸುಳ್ಳು, ಮೊಳೆಗಳನ್ನು ಕಣ್ಣಾರೆ ನೋಡಿದ್ದೆ, ನಾನು ಬೆಳೆದದ್ದೂ ಹಾಗೆಯೇ. ಸಹಿ ಹಾಕಿದರು. ಒಪ್ಪಿಸುವ ಮುಂಚೆ ಆ ಜನರನ್ನು ಹುಡುಕಿ ಹೆಸರು ಬರೆದುಕೊಳ್ಳಬೇಕು, ಈ ಸಲ ನಲವತ್ತನ್ನೂ ಸರಿಯಾಗಿ ಎಣಿಸಬೇಕು ಎಂದುಕೊಂಡು ಮಾರನೆಯ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಹೊರಟರು.

ವಸತಿಗೃಹಕ್ಕೆ ಎರಡು ಬಸ್ಸು ಬದಲಾಯಿಸಬೇಕು. ಗಾರೆ ಕೆಲಸದವನನ್ನು ಕೇಳಿದರೆ ಬೇಕರಿಯವನ ಸುಳಿವು ಸಿಕ್ಕೀತೆಂದು, ಗೇಟಿನಲ್ಲಿ ಭೇಟಿಗೆಂದು ಹೆಸರು ಬರೆಸಿ, ಅವನ ಕೋಣೆ ಹುಡುಕಿಕೊಂಡು ಮೂರನೇ ಮಹಡಿ ಹತ್ತಿದರು. ಬೆಳಗಿನ ಹತ್ತೂವರೆ. ಬಾಗಿಲು ತಟ್ಟಿದಾಗ ಒಳಗೆ ಗಡಿಬಿಡಿಯಾಯಿತು, ಆಮೇಲೆ ಉಸಿರಿಲ್ಲ. "ನಾನು, ಲೆಕ್ಕದ ಮೇಷ್ಟ್ರು" ಎಂದ ಮೇಲೆ ಚಿಲಕ ತೆಗೆದವನು ಬೇಕರಿಯವನೇ. ಕಣ್ಣು ಕೆಂಡದ ಹಾಗಿತ್ತು. ಹೊರಗೆ ಎರಡೂ ಕಡೆ ನೋಡಿ, ಇವರನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ. ಕೋಣೆಯಲ್ಲಿ ನಾಲ್ಕು ಮಂಚ, ಮೂರರಲ್ಲಿ ಜನ ಮುಸುಕು ಹೊದ್ದು ಬಿದ್ದಿದ್ದರು.

"ಗಾರೆಯವನು ಬೆಳಿಗ್ಗೆ ಬಸ್‌ಸ್ಟಾಪಲ್ಲಿ ತನ್ನ ಕಾರ್ಡು ನನ್ನ ಕೈಗೆ ಕೊಡ್ತಾನೆ ಸರ್" ಎಂದ ಮೆಲ್ಲಗೆ. "ಗೇಟಲ್ಲಿ ಕಾರ್ಡು ನೋಡ್ತಾರೆ, ಮುಖ ನೋಡಲ್ಲ. ಸಂಜೆ ವಾಪಸ್ ಕೊಡ್ತೀನಿ. ಮೂವತ್ತೊಂದು ಜನ ಹೀಗೇ ಇದೀವಿ."

"ಉಳಿದ ಒಂಬತ್ತು ಜನ?"

"ಅವರ ಜೊತೆಗಾರರು ಹೆದರಿಕೊಂಡ್ರು, ಒಪ್ಪಲಿಲ್ಲ. ಅವರು ಎಲ್ಲಿಗೆ ಹೋದ್ರೋ ಗೊತ್ತಿಲ್ಲ. ಇಷ್ಟು ದೊಡ್ಡ ಊರಲ್ಲಿ ಎಲ್ಲಿ ಅಂತ ಹುಡುಕೋದು."

ಮೇಷ್ಟ್ರು ನಿಂತಲ್ಲೇ ಹೇಳಿಕೆಯನ್ನು ತೆಗೆದು ಓದಿದರು. ಬೇಕರಿಯವನು ಕೊನೆಯತನಕ ಕೇಳಿಸಿಕೊಂಡ.

"ಇದನ್ನ ಕೊಟ್ರೆ ಏನಾಗುತ್ತೆ ಸರ್?"

"ತನಿಖೆ ಆಗುತ್ತೆ. ಇಲ್ಲಿಗೆ ಬಂದು ನೋಡ್ತಾರೆ."

"ಬಂದು ನೋಡಿದ್ರೆ ಇಬ್ಬರನ್ನೂ ಹೊರಗೆ ಹಾಕ್ತಾರೆ. ಒಂದು ಕಾರ್ಡಲ್ಲಿ ಇಬ್ಬರು ಸಿಕ್ಕಿದ್ರೆ ಕಾರ್ಡೇ ರದ್ದು ಅಂತ ಬೋರ್ಡು ಹಾಕಿದಾರೆ ಕೆಳಗೆ. ನನ್ನಿಂದ ಗಾರೆಯವನೂ ಬೀದಿಗೆ ಬೀಳ್ತಾನೆ."

"ಮತ್ತೆ ನನ್ನ ತಪ್ಪು?" ಎಂದರು ಮೇಷ್ಟ್ರು. ಆ ಮಾತು ತಮಗೇ ಅಸಹ್ಯವಾಗಿ ಕೇಳಿಸಿತು. ಇಲ್ಲಿ ನಾಲ್ಕು ಜನ ಉಸಿರು ಬಿಗಿಹಿಡಿದು ಬದುಕುತ್ತಿರುವಾಗ, ಇವರು ತಮ್ಮ ತಪ್ಪನ್ನು ಇಳಿಸಿ ಹಗುರಾಗಲು ಜಾಗ ಹುಡುಕಿಕೊಂಡು ಎರಡು ಬಸ್ಸು ಹತ್ತಿ ಬಂದಿದ್ದರು.

ಬೇಕರಿಯವನು ಕೋಪ ಮಾಡಿಕೊಳ್ಳಲಿಲ್ಲ. ಉಪಕಾರ ಬೇಡುವವನ ದನಿಯಲ್ಲಿ, ಎರಡೂ ಕೈ ಜೋಡಿಸಿ ಹೇಳಿದ. "ಅವತ್ತು ನಮ್ಮನ್ನ ನೋಡಿಲ್ಲ ಅಂದ್ರಿ. ಅದನ್ನೇ ಹಿಡ್ಕೊಳ್ಳಿ ಸರ್. ಯಾರು ಕೇಳಿದ್ರೂ ಬದಲಾಯಿಸಬೇಡಿ."

ಮೇಷ್ಟ್ರು ತಲೆಯಾಡಿಸಿದರು, ಬೇರೆ ಏನು ತಾನೇ ಮಾಡಿಯಾರು. ಹೇಳಿಕೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಬೇಕರಿಯವನು ಬಾಗಿಲು ತುಸುವೇ ತೆರೆದು ಓಣಿಯಲ್ಲಿ ಯಾರೂ ಇಲ್ಲವೆಂದು ನೋಡಿ, ಇವರನ್ನು ಹೊರಗೆ ಬಿಟ್ಟ. ಬಿಡುವಾಗ ಆ ಸುಟ್ಟ ಕೈಯಲ್ಲಿ ಇವರ ಕೈಯನ್ನು ಒತ್ತಿ ಹಿಡಿದು, "ದೊಡ್ಡ ಉಪಕಾರ ಆಯ್ತು ಸರ್" ಎಂದ.