ಮೇಡಂ ಒಲ್ಲೆನೆಂದ ಡಾಕ್ಟರ್ ಪಟ್ಟ

ಕೆಮಿಸ್ಟ್ರಿ ಮೇಡಂ ಪಾಠ ಶುರುಮಾಡಿದರೆ ತೋರುಬೆರಳು ಮೇಲೆದ್ದು ಮಣಿಕಟ್ಟು ಗಿರ್ರನೆ ತಿರುಗುತ್ತಿತ್ತು. ಸೀಮೆಸುಣ್ಣದ ಪುಡಿ ಮುಂದಿನ ಬೆಂಚಿನವರ ತಲೆ ಮೇಲೆ ಉದುರುತ್ತಿತ್ತು. ಆ ಬೆರಳೇ ಎಲೆಕ್ಟ್ರಾನ್. ಶಿಕಾರಿಪುರದ ಕಾಲೇಜಿನಲ್ಲಿ ಅದನ್ನು ಅಣಕಿಸಿಯೇ ನಾನು ಹೆಸರು ಮಾಡಿದ್ದು. ಅಂಕದಿಂದ ಹೆಸರು ಮಾಡುವ ಲಕ್ಷಣ ಹೇಗೂ ಇರಲಿಲ್ಲ.

ಒಮ್ಮೆ ಸಿಕ್ಕಿಬಿದ್ದೆ. ಬಾಗಿಲಲ್ಲೇ ನಿಂತು ಪೂರ್ತಿ ನೋಡಿದ ಮೇಡಂ, "ದನಿ ಸರಿಯಾಗಿದೆ ಮಾರಾಯ. ಸೊಂಟ ಯಾಕೆ ತಿರುಗಿಸ್ತೀಯ? ಎಲೆಕ್ಟ್ರಾನಿಗೆ ಸೊಂಟ ಇಲ್ಲ" ಅಂದರು.

ಅವರು ಸೊರಬದ ಕಡೆಯವರು. ದೂರದ ವಿಶ್ವವಿದ್ಯಾಲಯವೊಂದರಲ್ಲಿ, ಪಾರ್ಫಿರಿನ್ ಎಂಬ ಉಂಗುರದಂಥ ಅಣುವಿನ ನಡುವೆ ತಾಮ್ರ ಕೂರಿಸಿ ಪಿಎಚ್.ಡಿ.ಗೆಂದು ಸಂಶೋಧನೆ ಮಾಡಿದ್ದರು. "ನಮ್ಮ ರಕ್ತದಲ್ಲೂ ಅಂಥದ್ದೇ ಉಂಗುರ ಕಣೋ, ನಡುವೆ ಕಬ್ಬಿಣ. ತಾಮ್ರದ ಒಂಟಿ ಎಲೆಕ್ಟ್ರಾನನ್ನ ಕೆಣಕೋದು, ಅದರ ಸ್ಪಿನ್ನು, ಗಿರಕಿ ಅಂತಿಟ್ಕೋ, ಎಷ್ಟು ಹೊತ್ತಿಗೆ ಸಮಾಧಾನಕ್ಕೆ ಬರ್ತದೆ ಅಂತ ಅಳೆಯೋದು. ತಣ್ಣಗಿಟ್ರೆ ನಿಧಾನ, ಬಿಸಿ ಮಾಡಿದ್ರೆ ಬೇಗ. ನೀನು ಮಾತ್ರ ಯಾವ ಹವೆಗೂ ಸುಮ್ನಾಗಲ್ಲ."

ಅವರ ಅಳತೆಯ ಗ್ರಾಫಿನಲ್ಲಿ ನಾಲ್ಕು ಬಿಂದುಗಳು ಮಾರ್ಗದರ್ಶಕರ ಸಿದ್ಧಾಂತದ ಗೆರೆಗೆ ಬಗ್ಗಲಿಲ್ಲ. ಹೊಸದಾಗಿ ಮಾದರಿ ತಯಾರಿಸಿ ಅಳೆದರೂ ಅಲ್ಲೇ ಬಂದವು. "ಅವನ್ನ ತೆಗೆದುಬಿಡಮ್ಮ, ಡಾಕ್ಟರ್ ಆಗ್ತೀಯ" ಅಂದರಂತೆ ಆ ಮಹಾನುಭಾವರು. ಮೇಡಂ ತೆಗೆಯಲಿಲ್ಲ. ಮಾರ್ಗದರ್ಶಕರು ಪ್ರಬಂಧಕ್ಕೆ ಸಹಿ ಹಾಕಲಿಲ್ಲ. ಬಗ್ಗಿದ್ದರೆ ಪದವಿ, ಬಗ್ಗದಿದ್ದಕ್ಕೆ ಊರ ಬಸ್ಸು! ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಕಾಲೇಜಾದರೂ ಬೇರೆಯೇ? ಪ್ರಿನ್ಸಿಪಾಲರು ಬೆನ್ನ ಹಿಂದೆ "ಅರ್ಧ ಡಾಕ್ಟರು" ಎಂದು ನಗಿಸುತ್ತಿದ್ದರು. ಗೊತ್ತಿಲ್ಲದವರು ಡಾಕ್ಟರ್ ಎಂದರೆ ಮೇಡಂ ಅಲ್ಲೇ ತಡೆಯುತ್ತಿದ್ದರು: "ಅಲ್ಲರೀ. ಅದು ಬೇಕಿದ್ರೆ ಸುಳ್ಳು ಬರೀಬೇಕಿತ್ತು."

ಹೋದ ವರ್ಷ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಹೋದರೆ, ಫ್ಲೆಕ್ಸಿನಲ್ಲಿ ಅವರ ಹೆಸರಿನ ಹಿಂದೆ ಅಂಗೈಯಗಲದ "ಡಾ."!

"ಸರ್, ಅದನ್ನ ಮುಚ್ಚಿಸಿ. ಅವರು ಒಪ್ತಿರಲಿಲ್ಲ."

"ಸತ್ತೋರಿಗೆ ಒಂದ್ ಗೌರವ ಕೊಟ್ರೆ ನಿಂದೇನ್ ಹೋಗ್ತತಲೇ?" ಅಂದರು ಪ್ರಿನ್ಸಿಪಾಲರು.

ಬದುಕಿರುವಾಗ ನಕ್ಕವರು, ಮೇಡಂ ಬೇಡವೆಂದದ್ದನ್ನೇ ಈಗ ಹೆಣದ ಮೇಲೆ ಹೊದೆಸಿದ್ದರು. ಪದವಿ ಕಳೆದುಕೊಂಡು ಅವರು ಉಳಿಸಿಕೊಂಡ ನಿಜವೇ ಆ ಒಂದು ಅಕ್ಷರದಡಿ ಅಳಿಸಿಹೋಗಿತ್ತು.

ಹಳೆಯ ವಿದ್ಯಾರ್ಥಿಗಳ ಪರವಾಗಿ ನನ್ನನ್ನು ಕರೆದರು. "ಮೇಡಂ ಥರ ಮಾತಾಡೋ!" ಎಂದು ಗೆಳೆಯರು ಹಿಂದಿನಿಂದ ಕೂಗಿದರು. ಮೈಕ್ ಹಿಡಿದೆ. ಮೇಡಂ ಡಾಕ್ಟರ್ ಆಗಿರಲಿಲ್ಲ ಎಂದೆ. ಸಭೆ ಗುಸುಗುಟ್ಟಿತು. ಯಾಕೆ ಆಗಲಿಲ್ಲ ಎಂಬುದನ್ನು, ನಾಲ್ಕು ಬಿಂದುಗಳ ಸಮೇತ, ಕೊನೆಯವರೆಗೆ ಹೇಳಿದೆ. ಜನರ ಮುಂದೆ ನಾನು ನನ್ನದೇ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.