ಸರೋಜಮ್ಮ ಬಡಿಸಿದ ಮೊಸರನ್ನ

ಸರೋಜಮ್ಮನವರು ಮಕ್ಕಳ ಬೆನ್ನಿಗೆ ಕಿವಿಯೊತ್ತಿ ಉಸಿರು ಕೇಳುತ್ತಿದ್ದರು. ಅವರ ಓಲೆ ತಣ್ಣಗೆ ತಾಗಿದಾಗ ನಾನು ಮುದುಡಿಕೊಳ್ಳುತ್ತಿದ್ದೆ. "ಅಲ್ಲಾಡ್ಬೇಡ ಕಣೇ, ಒಳಗೆ ಬೆಕ್ಕು ಮಲಗಿದೆ, ಎದ್ಬಿಡುತ್ತೆ" ಎನ್ನುತ್ತಿದ್ದರು. ನನ್ನ ಎದೆಯ ಗೊರಗೊರಕ್ಕೆ ಅವರಿಟ್ಟ ಹೆಸರು ಅದು. ಉಬ್ಬಸದ ಹೆದರಿಕೆಯಲ್ಲೂ ನನಗೆ ನಗು ಬರುತ್ತಿತ್ತು.

ಅದು ಎಪ್ಪತ್ತರ ದಶಕದ ಕೊನೆ. ಪೀಣ್ಯದ ಅಂಚಿನ ನಮ್ಮ ಹಳ್ಳಿಯ ಸಣ್ಣ ಆಸ್ಪತ್ರೆಗೆ ಅವರೊಬ್ಬರೇ ನರ್ಸು. ಡಾಕ್ಟರು ಬರುತ್ತಿದ್ದುದು ವಾರಕ್ಕೊಮ್ಮೆ. ಪಕ್ಕದ ಕಾರ್ಖಾನೆಯೊಂದು ತನ್ನ ಯಂತ್ರಗಳಿಗಾಗಿ ಕಲ್ಲಿದ್ದಲು ಸುಡುವ ಪವರ್‌ಹೌಸ್ ಕಟ್ಟಿಕೊಂಡಿತ್ತು. ಗಾಳಿ ನಮ್ಮ ಕಡೆ ತಿರುಗಿದರೆ ಒಣಹಾಕಿದ ಪಂಚೆಗೆ ಬೂದಿಬಣ್ಣ. ಮರುದಿನ ಆಸ್ಪತ್ರೆಯ ಜಗಲಿ ತುಂಬ ಏದುಸಿರು ಬಿಡುವ ಮಕ್ಕಳು.

ಔಷಧಿ ಕೊಟ್ಟೂ ಕೊಟ್ಟೂ ಸಾಕಾಗಿ, ಪವರ್‌ಹೌಸಿನ ಎಂಜಿನಿಯರಿಗೇ ಹೇಳುತ್ತೇನೆಂದು ಸರೋಜಮ್ಮ ಹೊರಟರು. ನಮ್ಮಪ್ಪ ಅಡ್ಡ ಬಂದ. ಚಿಕ್ಕಪ್ಪ ಅಲ್ಲಿಯೇ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ.

"ಬ್ಯಾಡಿ ಅಮ್ಮಾ, ನನ್ ತಮ್ಮನ ಅನ್ನಕ್ಕೆ ಕಲ್ಲು ಬಿದ್ದಾತು."

"ಅನ್ನ ತಿನ್ನೋಕೂ ಉಸಿರು ಬೇಕಲ್ಲಪ್ಪಾ" ಎಂದರು ಅವರು.

ಆದರೂ ಜಗಳಕ್ಕೆ ಹೋಗಲಿಲ್ಲ. ಎಂಜಿನಿಯರನ್ನು ಊಟಕ್ಕೆ ಕರೆದರು. ಸಭ್ಯ ಮನುಷ್ಯ, ಬಂದರು. ಸರೋಜಮ್ಮ ಅಂಗಳದಲ್ಲಿ ಚಾಪೆ ಹಾಸಿ ಬಾಳೆಲೆಗೆ ಮೊಸರನ್ನ ಬಡಿಸಿದರು. ಉಬ್ಬಸದ ಮಕ್ಕಳಾದ ನಾವು ಐದಾರು ಜನ ಎದುರಿಗೆ ಕೂತಿದ್ದೆವು. ಎರಡು ತುತ್ತು ಆಗುವಷ್ಟರಲ್ಲಿ ಅನ್ನದ ಮೇಲೆ ಎಳ್ಳು ಉದುರಿಸಿದ ಹಾಗೆ ಕಪ್ಪು ಚುಕ್ಕಿಗಳು. ಎಂಜಿನಿಯರ ಕೈ ನಿಂತಿತು.

"ಊಟ ಮಾಡಿ ಸಾರ್. ಇವ್ರು ದಿನಾ ಉಣ್ಣೋದೂ ಇದನ್ನೇ, ಉಸಿರಾಡೋದೂ ಇದನ್ನೇ."

ಎಂಜಿನಿಯರು ತಲೆಯೆತ್ತದೆ ಅಷ್ಟನ್ನೂ ಉಂಡರು. ಎಲೆ ಮಡಚುವಾಗ ನನ್ನನ್ನು ನೋಡಿ, "ನಮ್ಮನೇಲೂ ಇವಳಷ್ಟೇ ಇರೋಳು ಒಬ್ಬಳಿದ್ದಾಳೆ" ಎಂದರು. ಮೇಲಿನವರೊಡನೆ ಎಷ್ಟು ಗುದ್ದಾಡಿದರೋ ಗೊತ್ತಿಲ್ಲ. ವರ್ಷ ತುಂಬುವುದರೊಳಗೆ ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಬಂತು. ಚಿಕ್ಕಪ್ಪನ ಕೆಲಸಕ್ಕೂ ಏನೂ ಆಗಲಿಲ್ಲ. ನನ್ನ ಉಬ್ಬಸ ಪೂರ್ತಿ ಹೋಗಲಿಲ್ಲವಾದರೂ ಶಾಲೆಗೆ ಓಡಿಕೊಂಡು ಹೋಗುವಷ್ಟಾದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸರೋಜಮ್ಮ ನಿವೃತ್ತರಾಗಿ ವರ್ತೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ನೋಡಲು ಹೋದೆ. ಎರಡು ದಿಂಬಿಗೆ ಒರಗಿ ಕೂತಿದ್ದರು. ನಮ್ಮೂರಿನ ಗಾಳಿ ಅವರ ಎದೆಗೂ ಇಳಿದಿತ್ತು.

"ಎರಡು ಸಲ ಟ್ರಾನ್ಸ್‌ಫರ್ ಬಂದಿತ್ತಂತಲ್ಲ, ಯಾಕಮ್ಮಾ ಹೋಗ್ಲಿಲ್ಲ?" ಎಂದೆ.

"ನೀವೆಲ್ಲಾ ಅಲ್ಲೇ ಇದ್ರಲ್ಲೇ."

ಅಷ್ಟು ಹೇಳಲು ಮೂರು ಸಲ ಉಸಿರೆಳೆದುಕೊಂಡರು. ಆಮೇಲೆ ನನಗೆ ಕಾಫಿ ಕೊಡುವಂತೆ ತಂಗಿಗೆ ಕೈಸನ್ನೆ ಮಾಡಿದರು. ಆ ಚಳಿಗಾಲವನ್ನು ಅವರು ದಾಟಲಿಲ್ಲ.