ದಾಸಪ್ಪ ಉಜ್ಜದೆ ಬಿಟ್ಟ ಜಾಗ

ಎಣ್ಣೆ ಎಲ್ಲಿ, ಎಷ್ಟು ಜಾರುತ್ತದೆ ಎಂದು ಮೂರು ವರ್ಷದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದ ಶಿವಕಿರಣ್, ಚನ್ನಪಟ್ಟಣದ ದಾಸಪ್ಪನ ವರ್ಕ್‌ಶಾಪಿನ ಹೊಸ್ತಿಲು ದಾಟಿದವನೇ ಎಣ್ಣೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಡಾಕ್ಟರ್ ಆಗುವ ಮೊದಲೇ ಪೇಷೆಂಟ್ ಆಗುವ ಯೋಗ. ಲೇತಿನ ಮುಂದೆ ಕೂತಿದ್ದ ದಾಸಪ್ಪ ಕನ್ನಡಕದ ಮೇಲಿನಿಂದ ನೋಡಿದ.

"ಎಲ್ರೂ ಅಲ್ಲೇ ಬೀಳೋದು ಸಾ. ಒಸಿ ಈಚೆಗೆ ಬನ್ನಿ."

ಶಿವಕಿರಣ್ ರಾಮನಗರದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟರು. ಅವನ ಪಿಎಚ್‌ಡಿಯ ವಿಷಯ ಬೇರಿಂಗಿನ ಬುಶ್, ಅಂದರೆ ತಿರುಗುವ ಶಾಫ್ಟನ್ನು ಹಿಡಿದಿಡುವ ಲೋಹದ ಬಳೆ. ಎರಡರ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರ. ಎಣ್ಣೆ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ ಎಂದು ಹಳೆಯ ಪುಸ್ತಕಗಳು ನಂಬಿದ್ದವು; ತೀರಾ ನುಣುಪಾದ ಕಡೆ ಅದು ಜಾರುತ್ತದೆ ಎಂದು ಇವನು ಪಟ್ಟು ಹಿಡಿದಿದ್ದ. ಶಾಫ್ಟ್ ತಿರುಗುವಾಗ ಒಂದು ಮಗ್ಗುಲಲ್ಲಿ ಎಣ್ಣೆ ಒತ್ತಿಕೊಂಡು ಭಾರ ಹೊರುತ್ತದೆ. ಇನ್ನೊಂದು ಮಗ್ಗುಲಲ್ಲಿ ಪದರ ಹರಿದು ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದಲ್ಲೆಲ್ಲ ಲೋಹಕ್ಕೆ ಸಿಡುಬಿನ ಕಲೆ. ಹಾಗಾದರೆ ಬುಶ್ಶಿನ ಎಷ್ಟು ಭಾಗ ನುಣುಪಾಗಿರಬೇಕು? ಪೂರ್ತಿ ಎಂದುಕೊಂಡು ಮಾಡಿಸಿದ ಮೊದಲನೆಯದು ಹೊಗೆಯಾಡಿ ಕಚ್ಚಿಕೊಂಡು ನಿಂತಿತು. ಮತ್ತೆರಡು ವರ್ಷ ಲೆಕ್ಕ ಹಾಕಿದ ಮೇಲೆ ಕಂಪ್ಯೂಟರ್ ಬಾಯಿಬಿಟ್ಟಿತು: ಎಣ್ಣೆ ಒಳಬರುವ ಕಡೆಯಿಂದ ಅರ್ಧ ದಾಟಿ ಒಂದಿಷ್ಟು ದೂರ ನುಣುಪು, ಮಿಕ್ಕಿದ್ದು ಒರಟು.

ಅಂಥದೊಂದು ಬುಶ್ ಮಾಡಿಸಲೆಂದೇ ವಿಭಾಗದ ಮುಖ್ಯಸ್ಥ ರೇಣುಕಾಪ್ರಸಾದರು ಅವನನ್ನು ಇಲ್ಲಿಗೆ ಕಳಿಸಿದ್ದರು.

ದಾಸಪ್ಪ ಹೊಂಗನೂರಿನವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬೆ ಲೇತಿಗೆ ಕೂತ. ಅವನು ಕಡೆದ ಬುಗುರಿ, ಗಿಲಕಿಗಳಿಗೆ ಲೆಕ್ಕವಿಲ್ಲ. ಅರಗು ಹಚ್ಚಿದ ಬೊಂಬೆಗೆ ಕೇದಗೆಯ ಎಲೆ ಒತ್ತಿ ಹಿಡಿದು ಹೊಳಪು ತರಿಸುವುದು ಅಲ್ಲಿನ ಪದ್ಧತಿ. ಮುಂದೆ ರೇಷ್ಮೆ ಹುರಿ ಮಾಡುವ ಯಂತ್ರಗಳಿಗೆ ಬುಶ್ ಕಡೆಯಲು ಶುರು ಮಾಡಿದಾಗಲೂ ಆ ಅಭ್ಯಾಸ ಬಿಡಲಿಲ್ಲ. ಲೋಹವನ್ನೂ ಎಲೆಯಲ್ಲೇ ಉಜ್ಜುತ್ತಿದ್ದ. ಇತರರ ಬುಶ್ ಒಂದು ಯುಗಾದಿ ಕಂಡರೆ ಅವನದು ಮೂರು ಕಾಣುತ್ತದೆ ಎಂದು ಮಿಲ್ಲಿನವರು ಹೇಳುತ್ತಿದ್ದರು. ಬೋರ್ಡು ಹಾಕಿಸಿದವನಲ್ಲ. ಊಟದ ಹೊತ್ತಿಗೆ ಯಾರೇ ಬಂದರೂ ಎದ್ದವನಲ್ಲ.

ಶಿವಕಿರಣ್ ಪ್ಯಾಂಟು ಒರೆಸಿಕೊಂಡು, ನಕ್ಷೆ ಬಿಚ್ಚುವ ಮೊದಲು, ಗೂಡಿನಲ್ಲಿದ್ದ ಒಂದು ಬುಶ್ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಅರ್ಧ ದಾಟಿ ಒಂದಿಷ್ಟು ದೂರ ಕನ್ನಡಿ. ಆಮೇಲೆ ಒರಟು. ಇನ್ನೊಂದನ್ನು ನೋಡಿದ, ಅದೂ ಹಾಗೆಯೇ. ಅವನ ಮೂರು ವರ್ಷ ಬೀಡಿ ಕಟ್ಟಿಗೂ ಟೀ ಲೋಟಕ್ಕೂ ನಡುವೆ ಸಾಲಾಗಿ ಕೂತಿತ್ತು. ನಕ್ಷೆ ಬಿಚ್ಚಲಿಲ್ಲ. ಒಂದು ಬುಶ್ ಕೊಂಡು ಬಂದುಬಿಟ್ಟ.

ಕಾಲೇಜಿನ ಯಂತ್ರದಲ್ಲಿ ಅದು ಮಾಮೂಲಿ ಬುಶ್ಶಿಗಿಂತ ಹನ್ನೆರಡು ಡಿಗ್ರಿ ತಣ್ಣಗೆ ಓಡಿತು. ಗುಳ್ಳೆ ಹುಡುಕಿದರೂ ಸಿಗಲಿಲ್ಲ. ತಣ್ಣಗಾಗದೆ ಉಳಿದದ್ದು ಶಿವಕಿರಣನ ಹೊಟ್ಟೆಯೊಂದೇ. ದಾಸಪ್ಪ ಕಾರಣ ತಿಳಿದೇ ಹಾಗೆ ಮಾಡುತ್ತಿದ್ದರೆ ಇವನ ಮಹಾಪ್ರಬಂಧದಲ್ಲಿ ಹೊಸದೇನು ಉಳಿಯಿತು, ಟೈಪಿಂಗ್ ಬಿಟ್ಟು? ಅದರ ಮೇಲೆ ಮುಖ್ಯಸ್ಥರು ಸ್ಟಾಫ್ ರೂಮಿನಲ್ಲಿ ದಾಸಪ್ಪನ ಪುರಾಣ ಶುರು ಹಚ್ಚಿಕೊಂಡರು. ಮೂರು ವರ್ಷದಲ್ಲಿ ಶಿವಕಿರಣನಿಗೆ ಒಮ್ಮೆಯೂ ಕೂತುಕೋ ಅನ್ನದವರು ದಾಸಪ್ಪನನ್ನು ಕಾರು ಕಳಿಸಿ ಕರೆಸಿ ಎಳನೀರು ಕುಡಿಸಿದರು. ಮನೆಯಲ್ಲಿ ಇವನು ಅನ್ನ ಕಲಸುತ್ತ ಕೂತೇ ಇದ್ದುದನ್ನು ಕಂಡ ಹೆಂಡತಿ ರಕ್ಷಿತಾ ಹೇಳಿದಳು:

"ಬಳೆ ನೋಡಿ ಹೊಟ್ಟೆ ಉರ್ಕೊಳ್ಳೋದು ಹೆಂಗಸರು ಅಂತಾರೆ. ನಮ್ಮನೇಲಿ ನೋಡಿದ್ರೆ ಹೀಗೆ."

ಕೊನೆಗೆ ಸೆಮಿನಾರ್ ಹಾಲಿನಲ್ಲಿ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಡಿಗ್ರಿಯಿಲ್ಲದ ವಿಜ್ಞಾನಿ ಎಂದು ಮುಖ್ಯಸ್ಥರು ಹಾಡಿ ಹೊಗಳಿದರು. ಶಾಲು ಜಾರದಂತೆ ಹಿಡಿದುಕೊಳ್ಳುವುದರಲ್ಲೇ ದಾಸಪ್ಪ ಸುಸ್ತಾಗಿದ್ದ. ಪ್ರಶ್ನೆಗಳಿದ್ದರೆ ಕೇಳಿ ಎಂದು ಮುಖ್ಯಸ್ಥರು ಅಂದದ್ದೇ ತಡ, ಶಿವಕಿರಣ್ ಎದ್ದು ನಿಂತ. ಕಾರಣ ಗೊತ್ತಿಲ್ಲ ಎಂದುಬಿಡಲಿ ಎಂದು ಮನೆದೇವರಿಗೆ ಹರಕೆ ಹೊತ್ತಾಗಿತ್ತು; ಗೊತ್ತಿದ್ದರೆ ಗತಿಯೇನು ಎಂಬುದನ್ನು ದೇವರಿಗೇ ಬಿಟ್ಟಿದ್ದ.

"ದಾಸಪ್ಪನವರೇ, ಪ್ರತಿ ಬುಶ್ಶನ್ನೂ ಸರಿಯಾಗಿ ಅದೇ ಜಾಗದವರೆಗೆ ಉಜ್ಜಿ ನಿಲ್ಲಿಸ್ತೀರಲ್ಲ, ಮಿಕ್ಕಿದ್ದನ್ನ ಯಾಕೆ ಬಿಡ್ತೀರಿ?"

ಮುಖ್ಯಸ್ಥರು ಪೆನ್ನು ತೆಗೆದರು. ದಾಸಪ್ಪ ಮೈಕನ್ನು ಒಂದು ಸಲ ತಟ್ಟಿ ನೋಡಿದ.

"ಅಲ್ಲಿಗೆ ಬರೋ ಹೊತ್ತಿಗೆ ಎಲೆ ಸವೆದೋಗ್ಬುಟ್ಟಿರ್ತದೆ ಸಾ. ಮೇಲೆದ್ದು ಇನ್ನೊಂದ್ನ ಯಾರ್ ತತ್ತಾರೆ?"